ಜೊಂಡಿನ ಮರೆಯ ಹೆಗ್ಗಣ

ಉಣಕಲ್ ಕೆರೆಗೆ ಸಂಜೆ ಹೋದರೆ ನಾನು ನೀರಿಗಿಂತ ಜಾಸ್ತಿ ಜನರನ್ನೇ ನೋಡುತ್ತೇನೆ. ಗಿರಮಿಟ್ಟಿನ ಪೊಟ್ಟಣ ಹಿಡಿದವರು, ಕೆರೆ ನಡುವಿನ ವಿವೇಕಾನಂದರ ಪ್ರತಿಮೆ ಹಿಂದೆ ಕಾಣಬೇಕು ಅಂತ ಸೆಲ್ಫಿಗೆ ಒದ್ದಾಡುವವರು, ಡಾಕ್ಟರ್ ಹೇಳಿದ್ದಕ್ಕೆ ಸಿಟ್ಟಿನಿಂದ ನಡೆಯುವವರು. ಈಚೆಗೆ ಒಂದು ಸಂಜೆ ಕಟ್ಟೆ ಹತ್ತಿರ ನಿಂತಿದ್ದ ಹುಡುಗನೊಬ್ಬ "ಪಪ್ಪಾ, ನೀರುನಾಯಿ!" ಅಂತ ಕೂಗಿದ. ಅಂತರಗಂಗೆಯ ಎರಡು ಗುಂಪುಗಳ ನಡುವೆ ಸ್ವಲ್ಪ ಬಯಲು ನೀರಿತ್ತು. ಅದರಲ್ಲಿ ಕಪ್ಪಗಿನ ಒಂದು ತಲೆ ಸಾಗುತ್ತಿತ್ತು. ಮೂಗು, ಕಣ್ಣು, ಕಿವಿ ಅಷ್ಟೇ ನೀರಿನ ಮೇಲೆ. ಹಿಂದೆ ಎರಡು ಗೆರೆಗಳು ಅಗಲವಾಗುತ್ತಾ ಬಂದು ದಂಡೆಗೆ ಮುಟ್ಟುತ್ತಿದ್ದವು. ಯಾವ ಗಡಿಬಿಡಿಯೂ ಇರಲಿಲ್ಲ ಅದಕ್ಕೆ, ದಿನಾ ಓಡಾಡುವ ದಾರಿ ಇದ್ದಿರಬೇಕು. ನೋಡನೋಡುತ್ತಿದ್ದಂತೆ ಜನ ಸೇರಿದರು. ಫೋನುಗಳು ಮೇಲೆದ್ದವು. ಯಾರೋ "ಸುಮ್ನಿರ್ರಿ, ಸಪ್ಪಳ ಮಾಡಬ್ಯಾಡ್ರಿ" ಅಂದರು. ಆಗ ಹಿಂದಿನಿಂದ ಒಬ್ಬ ಹಿರಿಯರು ಕನ್ನಡಕ ಸರಿ ಮಾಡಿಕೊಂಡು ನೋಡಿ, "ಎಲ್ಲೀ ನೀರುನಾಯಿ ತಮ್ಮಾ, ಹೆಗ್ಗಣ ಐತಿ ಅದು" ಅಂದುಬಿಟ್ಟರು.

ಫೋನುಗಳು ಕೆಳಗಿಳಿದವು. "ಛೀ" ಅನ್ನುವ ಒಂದು ದನಿ. ಇನ್ನೊಬ್ಬ ಬಗ್ಗಿ ಕಲ್ಲು ಎತ್ತಿ ಒಗೆದ. ಗುರಿ ತಪ್ಪಿತು. ತಲೆ ನೀರಿನೊಳಗೆ ಮುಳುಗಿ, ಆಚೆ ಅಂತರಗಂಗೆಯ ಎಲೆಗಳ ನಡುವೆ ಎಲ್ಲೋ ಎದ್ದಿರಬೇಕು, ನಮಗೆ ಕಾಣಲಿಲ್ಲ. ಅರ್ಧ ನಿಮಿಷದ ವಿಷಯ. ಪ್ರಾಣಿ ಅದೇ, ಈಜು ಅದೇ. ಕಲ್ಲು ಒಗೆದವನೂ ಆ ಮೊದಲು ವಿಡಿಯೋ ಮಾಡುತ್ತಿದ್ದವನೇ. ಆ ಅರ್ಧ ನಿಮಿಷ ನನ್ನ ತಲೆಯಿಂದ ಹೋಗುತ್ತಿಲ್ಲ.

ನೀರುನಾಯಿಯ ಬಗ್ಗೆ ನನಗೇನೂ ಹೊಟ್ಟೆಕಿಚ್ಚಿಲ್ಲ. ತುಂಗಭದ್ರೆಯಲ್ಲಿ, ಕಂಪ್ಲಿ ಕಡೆ, 2015ರಲ್ಲಿ ಅದಕ್ಕಂತಲೇ ಮೀಸಲು ಪ್ರದೇಶ ಘೋಷಣೆ ಆಯಿತು, ಒಳ್ಳೆಯದೇ. ಆದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ನೂರಾರು ಕೆರೆಗಳ ಅಂಚಿನಲ್ಲಿ ವರ್ಷವಿಡೀ ಇರುವ, ನೀರಿಗೂ ಇಳಿಯುವ, ನೆಲವನ್ನೂ ಕೊರೆಯುವ ಪ್ರಾಣಿ ಯಾವುದು ಅಂತ ಕೇಳಿದರೆ ಉತ್ತರ ಹೆಗ್ಗಣ. ನಾವು ಕೆರೆಯ ಜೀವಿಗಳ ಲೆಕ್ಕ ಮಾಡುವಾಗ ಅದನ್ನು ಬರೆಯುವುದೇ ಇಲ್ಲ. ಹಕ್ಕಿ ಬರೆಯುತ್ತೇವೆ, ಮೀನು ಬರೆಯುತ್ತೇವೆ, ಕೊನೆಗೆ ಕಪ್ಪೆಗೂ ಒಂದು ಸಾಲು ಸಿಗುತ್ತದೆ.

ನೀರಿಗಿಳಿಯುವ ಇಲಿ

ಹೆಗ್ಗಣ ಅಂತ ನಾವು ಒಂದೇ ಮಾತಿನಲ್ಲಿ ಮುಗಿಸಿದರೂ ನಮ್ಮ ಕಡೆ ಮುಖ್ಯವಾಗಿ ಎರಡಿವೆ. ದೊಡ್ಡದು, ಬಲಿತರೆ ಒಂದು ಕೆ.ಜಿ. ಹತ್ತಿರ ತೂಗುತ್ತದೆ. ಊರ ಗಟಾರ, ಕೆರೆಯ ಜೌಗು, ಹಿತ್ತಲ ಬಚ್ಚಲಿನ ನೀರು ಹರಿಯುವ ಜಾಗ ಇದಕ್ಕೆ ಇಷ್ಟ. ಇನ್ನೊಂದು ಚಿಕ್ಕದು, ಹೊಲಗದ್ದೆಯದು. ಭತ್ತ, ಕಬ್ಬು, ಶೇಂಗಾ ಬೆಳೆಯುವವರಿಗೆ ಇದರ ಪರಿಚಯ ಹೇಳಿಕೊಡಬೇಕಾಗಿಲ್ಲ. ಎರಡಕ್ಕೂ ಮೊಂಡು ಮೂತಿ, ಒರಟು ಕೂದಲು. ದೊಡ್ಡದರ ಬೆನ್ನ ಮೇಲೆ ಉದ್ದುದ್ದ ಕಪ್ಪು ಕೂದಲು ಇರುತ್ತವೆ. ಅದನ್ನು ಮೂಲೆಗೆ ಒತ್ತಿದರೆ ಆ ಕೂದಲು ನಿಗುರಿಸಿ ಮೈ ಎರಡರಷ್ಟು ಮಾಡಿಕೊಂಡು ಗುರ್ ಅನ್ನುತ್ತದೆ. ಬಚ್ಚಲು ಮನೆಯಲ್ಲಿ ರಾತ್ರಿ ಅದರ ಎದುರು ನಿಂತವರಿಗೆ ಗೊತ್ತು, ಮನುಷ್ಯನೇ ಹಿಂದೆ ಸರಿಯುತ್ತಾನೆ.

ಇವು ಪೂರಾ ನೀರಿನ ಪ್ರಾಣಿಗಳೇನಲ್ಲ. ಆಸ್ಟ್ರೇಲಿಯಾದಲ್ಲಿ ರಕಾಲಿ ಅಂತ ಒಂದಿದೆ, ಅದು ನಿಜವಾದ ನೀರಿಲಿ. ಹಿಂಗಾಲಿನ ಬೆರಳುಗಳ ನಡುವೆ ಚರ್ಮದ ಪರದೆ, ನೀರು ಒಳಗಿಳಿಯದ ದಟ್ಟ ತುಪ್ಪಳ, ಬಾಲದ ತುದಿ ಬೆಳ್ಳಗೆ. ಮೀನು, ಏಡಿ, ಕಪ್ಪೆಚಿಪ್ಪು ಹಿಡಿದು ದಂಡೆಯ ಕಲ್ಲಿನ ಮೇಲೆ ಕೂತು ತಿನ್ನುತ್ತದೆ. 1935ರಲ್ಲಿ ಕಬ್ಬಿನ ಹುಳ ತಿನ್ನಲಿ ಅಂತ ಆ ದೇಶಕ್ಕೆ ತಂದು ಬಿಟ್ಟ ವಿಷದ ಕಪ್ಪೆಗಳಿವೆಯಲ್ಲ, ಅವನ್ನು ತಿಂದು ಎಷ್ಟೋ ಪ್ರಾಣಿ ಸಾಯುತ್ತವೆ. ರಕಾಲಿ ಮಾತ್ರ ಅವುಗಳ ಹೊಟ್ಟೆ ಸೀಳಿ, ವಿಷ ಇರುವ ಭಾಗ ಬಿಟ್ಟು, ಹೃದಯ ಮತ್ತು ಲಿವರ್ ಅಷ್ಟೇ ತಿನ್ನುವುದನ್ನು 2019ರಲ್ಲಿ ಸಂಶೋಧಕರು ಬರೆದರು. ಓದಿದಾಗ ನನಗೆ ಬಹಳ ಖುಷಿಯಾಯಿತು. ಇಲಿ ಅಂದ ಮೇಲೆ ಅಷ್ಟು ಬುದ್ಧಿ ಇರಲೇಬೇಕು.

ನಮ್ಮ ಹೆಗ್ಗಣಕ್ಕೆ ಪರದೆಯ ಕಾಲಿಲ್ಲ, ರಕಾಲಿಯ ತುಪ್ಪಳವೂ ಇಲ್ಲ. ಆದರೂ ಚೆನ್ನಾಗಿ ಈಜುತ್ತದೆ, ಮುಳುಗುತ್ತದೆ. ಬಾಂಗ್ಲಾದೇಶದ ಆಳ ನೀರಿನ ಭತ್ತದ ಗದ್ದೆಗಳಲ್ಲಿ, ಅಲ್ಲಿ ನೀರು ಆಳೆತ್ತರ ನಿಲ್ಲುತ್ತದೆ, ಇದೇ ಜಾತಿಯ ಹೆಗ್ಗಣಗಳು ಈಜುತ್ತಲೇ ಭತ್ತದ ದಂಟು ಕಡಿಯುತ್ತವೆ. ಅಂದರೆ ಒಣ ನೆಲ ಸಿಕ್ಕರೆ ಒಣ ನೆಲ, ಇಲ್ಲದಿದ್ದರೆ ನೀರು. ಜೌಗು ಜಾಗದಲ್ಲಿ ಏಡಿ, ಬಸವನಹುಳು, ಗಡ್ಡೆ ಯಾವುದೂ ಇದಕ್ಕೆ ಬೇಡ ಅಂತಿಲ್ಲ. ನೀರು, ನೆಲ ಎರಡೂ ಕೂಡುವ ಆ ಹದಿನೈದಿಪ್ಪತ್ತು ಮಾರು ಪಟ್ಟಿ ಇದೆಯಲ್ಲ, ಕಾಲಿಟ್ಟರೆ ಹೂತುಹೋಗುವ, ಜೊಂಡು ಬೆಳೆದ, ನಾವು ಚಪ್ಪಲಿ ಕೆಡುತ್ತದೆ ಅಂತ ದೂರ ನಿಲ್ಲುವ ಪಟ್ಟಿ, ಅದೇ ಇದರ ಮನೆ.

ವರದೆ ಉಕ್ಕಿದಾಗ

ಹೆಗ್ಗಣದ ಈಜು ನಾನು ಸರಿಯಾಗಿ ನೋಡಿದ್ದು 2019ರ ಆಗಸ್ಟಿನಲ್ಲಿ. ಆ ನೆರೆ ಈ ಕಡೆಯ ಯಾರಿಗೂ ಮರೆತಿಲ್ಲ. ನಮ್ಮ ಊರು ಹಾವೇರಿ ಮತ್ತು ಹಾನಗಲ್ ನಡುವೆ, ವರದಾ ದಂಡೆಯಿಂದ ಸ್ವಲ್ಪ ಒಳಗೆ. ವರದೆ ಸಾಗರದ ಕಡೆ ಹುಟ್ಟಿ ಬರುವ ಹೊಳೆ. ನಮ್ಮಲ್ಲಿ ಹನಿ ಬೀಳದಿದ್ದರೂ ಮಲೆನಾಡಿನಲ್ಲಿ ಮಳೆ ಹಿಡಿದರೆ ಇಲ್ಲಿ ಉಕ್ಕುತ್ತದೆ. ಆ ಸಲ ಎರಡೂ ಕಡೆ ಹಿಡಿದಿತ್ತು. ಗದ್ದೆ ಯಾವುದು ಹೊಳೆ ಯಾವುದು ಗೊತ್ತಾಗುತ್ತಿರಲಿಲ್ಲ. ನೀರಿನ ನಡುವೆ ಜಾಲಿ ಗಿಡಗಳ ತಲೆಗಳಷ್ಟೇ ಕಾಣುತ್ತಿದ್ದವು.

ಕಾಕಾ ಮತ್ತು ನಾನು ರಸ್ತೆಯ ಏರು ಜಾಗದಲ್ಲಿ ನಿಂತು ಪಂಪ್‌ಸೆಟ್ ಮನೆ ಮುಳುಗಿತೋ ಇಲ್ಲವೋ ಅಂತ ಅಂದಾಜು ಮಾಡುತ್ತಿದ್ದೆವು. ಆಗ ಹತ್ತಿರದ ಜಾಲಿ ಗಿಡ ನೋಡಿದೆ. ಕೊಂಬೆಗಳಲ್ಲಿ ಕೆಸರು ಮೆತ್ತಿದೆ ಅಂದುಕೊಂಡರೆ ಆ ಕೆಸರು ಅಲುಗುತ್ತಿತ್ತು. ಹೆಗ್ಗಣಗಳು. ಮುಳ್ಳಿನ ನಡುವೆ, ಒಂದರ ಬೆನ್ನಿಗೆ ಒಂದು ಅಂಟಿಕೊಂಡು, ನೆನೆದು ಅರ್ಧ ಗಾತ್ರಕ್ಕೆ ಇಳಿದು ಕೂತಿದ್ದವು. ಒಂದು ಮಾತ್ರ ಕೊಂಬೆಯ ತುದಿಯಲ್ಲಿ ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿತ್ತು. ಮೊದಲು ಮೂತಿ, ಆಮೇಲೆ ಕಿವಿಯ ಹಿಂದೆ, ಆಮೇಲೆ ಹೊಟ್ಟೆ. ಸುತ್ತ ಜಗತ್ತು ಮುಳುಗಿದೆ, ಇದಕ್ಕೆ ಮೈ ಒಣಗಿಸಿಕೊಳ್ಳುವ ಚಿಂತೆ. ಅದೇ ಗಿಡದ ಬುಡದ ಕವಲಿನಲ್ಲಿ ಒಂದು ಕೇರೆ ಹಾವು ಸುತ್ತಿಕೊಂಡಿತ್ತು. ಬೇರೆ ದಿನವಾದರೆ ಅದರ ಊಟ ಅವತ್ತು ಕೈಯಳತೆಯಲ್ಲೇ ಇತ್ತು. ಯಾರೂ ಯಾರನ್ನೂ ಮುಟ್ಟಲಿಲ್ಲ, ನಾವು ನಿಂತಿರುವಷ್ಟು ಹೊತ್ತು.

ಸ್ವಲ್ಪ ಹೊತ್ತಿಗೆ ಒಂದು ಮರದ ದಿಮ್ಮಿ ತೇಲಿ ಬಂದು ಗಿಡಕ್ಕೆ ಗುದ್ದಿತು. ಎರಡು ಮೂರು ಹೆಗ್ಗಣ ನೀರಿಗೆ ಬಿದ್ದವು. ಕೊಚ್ಚಿಕೊಂಡು ಹೋದವು ಅಂದುಕೊಂಡೆ. ಇಲ್ಲ. ಅವು ಸೆಳವಿಗೆ ಎದುರಾಗಿ ಈಜಲಿಲ್ಲ, ಸೆಳವಿನ ಜತೆಗೇ ಸಾಗುತ್ತಾ ಓರೆಯಾಗಿ, ಸ್ವಲ್ಪ ಸ್ವಲ್ಪವೇ ದಂಡೆಯ ಕಡೆಗೆ ಸರಿಯುತ್ತಾ ಬಂದವು. ಹೊಳೆ ಈಜಲು ಕಲಿಸುವ ಹಿರಿಯರು ಹೇಳುವುದೂ ಇದನ್ನೇ ಅಲ್ವಾ, ಸೆಳವಿನ ಜತೆ ಜಗಳ ಬೇಡ ಅಂತ. ಬಹಳ ಕೆಳಗೆ, ರಸ್ತೆ ನೀರಿಗೆ ಇಳಿಯುವ ಕಡೆ, ಅವು ಹತ್ತಿ ಬಂದವು. ಮೈ ಕೊಡವಿ ಓಡಿದವು. ಓಡಿದ್ದು ಸೀದಾ ನಮ್ಮ ಗೋವಿನಜೋಳದ ಹೊಲದ ಕಡೆಗೆ. ಕಾಕಾ ತಲೆ ಚಚ್ಚಿಕೊಂಡು, "ಬದುಕಿದ್ವು ನೋಡ್ ಮಕ್ಕಳು. ನಮ್ಮದಽ ತಿನ್ನಾಕ" ಅಂದರು. ಅವರ ಪಂಪ್‌ಸೆಟ್ ಅಷ್ಟೊತ್ತಿಗೆ ಮುಳುಗಿತ್ತು.

ಒಡ್ಡಿನೊಳಗಿನ ಕಣಜ

ಕಾಕಾನ ಸಿಟ್ಟಿಗೆ ಕಾರಣ ಇದೆ. ಸುಗ್ಗಿ ಆದ ಮೇಲೆ ಗದ್ದೆಯ ಒಡ್ಡು ಅಗೆದು ಹೆಗ್ಗಣದ ಬಿಲ ನೋಡಿದವರಿಗೆ ಅದು ಅರ್ಥವಾಗುತ್ತದೆ. ಬಿಲದ ಬಾಯಿ ತೆರೆದಿರುವುದಿಲ್ಲ. ಒಳಗಿನಿಂದ ಮಣ್ಣು ತಳ್ಳಿ ಮುಚ್ಚಿಕೊಂಡಿರುತ್ತದೆ, ಮೇಲೆ ಹಸಿ ಮಣ್ಣಿನ ಗುಡ್ಡೆ. ಆ ಗುಡ್ಡೆ ಹಸಿಯಾಗಿದ್ದರೆ ಒಳಗೆ ಆಸಾಮಿ ಇದ್ದಾನೆ ಅಂತ ಲೆಕ್ಕ. ಗುದ್ದಲಿ ಹಾಕುತ್ತಾ ಹೋದರೆ ದಾರಿ ಒಂದು ಕಡೆ ಕೆಳಗಿಳಿದು, ಇನ್ನೊಂದು ಕಡೆ ಕವಲೊಡೆದು, ಮತ್ತೆ ಮೇಲೆ ಹತ್ತುತ್ತದೆ. ಕೊನೆಗೆ ಒಂದು ಗೂಡು. ಅದರೊಳಗೆ ಭತ್ತದ ತೆನೆಗಳು. ಚೆಲ್ಲಾಪಿಲ್ಲಿ ಅಲ್ಲ, ಕುತ್ತಿಗೆಯ ಹತ್ತಿರ ಓರೆಯಾಗಿ ಒಂದೇ ಕಚ್ಚಿಗೆ ಕತ್ತರಿಸಿದ ತೆನೆಗಳು, ಒಂದರ ಮೇಲೊಂದು ಒತ್ತಿ ತುಂಬಿಸಿದ್ದು. ಕುಡುಗೋಲು ಹಿಡಿದ ನಮ್ಮ ಕೈಗೂ ಅಷ್ಟು ನೀಟು ಬರುವುದಿಲ್ಲ. ಇನ್ನೊಂದು ಗೂಡಿನಲ್ಲಿ ಹುಲ್ಲಿನ ಹಾಸಿಗೆ, ಮರಿಗಳಿಗೆ. ಮೂರು ವಾರದ ಬಸಿರು, ಒಂದು ಸೂಲಿಗೆ ಆರೇಳು ಮರಿ, ಕೆಲವೇ ತಿಂಗಳಲ್ಲಿ ಆ ಮರಿಗಳೂ ತಾಯಂದಿರು. ಲೆಕ್ಕ ಹಾಕಲು ಹೋದರೆ ನಿದ್ದೆ ಬರುವುದಿಲ್ಲ.

ನಾನು ಚಿಕ್ಕವನಿದ್ದಾಗ ಬಡವರ ಮನೆಯ ಹೆಂಗಸರು, ಮಕ್ಕಳು ಸುಗ್ಗಿ ನಂತರ ಬಿಲ ಅಗೆಯಲು ಬರುತ್ತಿದ್ದರು. ಗದ್ದೆ ಒಡೆಯರು ಬೇಡ ಅನ್ನುತ್ತಿರಲಿಲ್ಲ, ಹೆಗ್ಗಣ ಹೋಗುತ್ತದಲ್ಲ. ಹೊಗೆ ಹಾಕಿ, ಅಗೆದು, ತೆನೆ ಬಡಿದು, ಕೇರಿ, ಆ ಭತ್ತ ಮನೆಗೆ. ಹೆಗ್ಗಣ ನಮ್ಮಿಂದ ಕದ್ದದ್ದನ್ನು ಅವರು ಹೆಗ್ಗಣದಿಂದ ಕದಿಯುತ್ತಿದ್ದರು, ಯಾರೂ ಯಾರಿಗೂ ರಸೀದಿ ಕೊಡುತ್ತಿರಲಿಲ್ಲ. ಈಗ ರೇಷನ್ ಅಕ್ಕಿ ಬಂದು ಅದು ನಿಂತಿದೆ. ನಿಂತದ್ದು ಒಳ್ಳೆಯದೇ, ಬಿಲದ ಭತ್ತ ತಿಂದು ಬದುಕುವ ಸ್ಥಿತಿ ಯಾರಿಗೂ ಬೇಡ.

ಇದರ ಜತೆಗೇ ಇನ್ನೊಂದು ನೆನಪು. ನಮ್ಮ ಮನೆಯಲ್ಲಿ ಗಣೇಶ ಚೌತಿಯ ಮರುದಿನ ಇಲಿಯ ದಿನ. ಅವತ್ತು ಅಜ್ಜಿ ಸೂಜಿ ಹಿಡಿಯುತ್ತಿರಲಿಲ್ಲ, ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ. ಕಡಬು ಮಾಡಿ ಇಲಿಗೆ ಅಂತ ಒಂದು ಎಡೆ ತೆಗೆದು ಮೂಲೆಯಲ್ಲಿ ಇಡುತ್ತಿದ್ದಳು. ನೀನು ನಮ್ಮ ಬಟ್ಟೆ ಕತ್ತರಿಸಬೇಡ, ನಾವೂ ಇವತ್ತು ಏನನ್ನೂ ಕತ್ತರಿಸುವುದಿಲ್ಲ ಅನ್ನುವ ಒಪ್ಪಂದ. ವರ್ಷದ ಉಳಿದ ದಿನಗಳಲ್ಲಿ ಅದೇ ಅಜ್ಜಿ ಬೋನಿಗೆ ಒಣ ಕೊಬ್ಬರಿ ಸಿಕ್ಕಿಸುತ್ತಿದ್ದಳು. ಇದರಲ್ಲಿ ಅವಳಿಗೆ ಯಾವ ಗೊಂದಲವೂ ಇರಲಿಲ್ಲ. ನನಗೂ ಈಗ ಇಲ್ಲ.

ಅತಿಥಿ ಮತ್ತು ಕಳ್ಳ

ಮಾಗಡಿ ಕೆರೆ ನೋಡಿದ್ದೀರಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ಕಡೆಯದು. ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು, ನಮ್ಮ ಕಡೆಯವರಿಗೆಲ್ಲ ಹೆಮ್ಮೆ. ಆ ಹೆಬ್ಬಾತುಗಳು ಕೆರೆಯಲ್ಲಿ ವಿಶ್ರಾಂತಿ ಮಾಡಿ ಊಟಕ್ಕೆ ಸುತ್ತಲಿನ ಹೊಲಗಳಿಗೆ ಹೋಗುತ್ತವೆ. ಶೇಂಗಾ, ಕಡಲೆ ಯಾವುದನ್ನೂ ಬಿಡುವುದಿಲ್ಲ. ಆದರೂ ಊರವರು ಅವನ್ನು ಓಡಿಸಿ ಬಡಿಯುವುದಿಲ್ಲ, ದೂರದಿಂದ ಬಂದ ಅತಿಥಿ ಅನ್ನುತ್ತಾರೆ. ಅವರ ಆ ದೊಡ್ಡತನಕ್ಕೆ ಕೈ ಮುಗಿಯಬೇಕು. ಅದೇ ಹೊಲದ ಅದೇ ಶೇಂಗಾ ಹೆಗ್ಗಣ ತಿಂದರೆ ಅದು ಕಳ್ಳ. ಹೆಬ್ಬಾತು ಚೆಂದ ಇದೆ, ಮೂರು ತಿಂಗಳಿದ್ದು ಹೋಗುತ್ತದೆ. ಹೆಗ್ಗಣ ಚೆಂದವಿಲ್ಲ, ಹೋಗುವುದೂ ಇಲ್ಲ. ನೆಂಟರ ವಿಷಯದಲ್ಲೂ ನಾವು ಹೀಗೇ ಅಲ್ವಾ.

ಬೇರೆ ದೇಶದವರೂ ಏನೂ ಕಡಿಮೆಯಿಲ್ಲ. ಇಂಗ್ಲೆಂಡಿನ ಹೊಳೆ ದಂಡೆಯಲ್ಲಿ ವಾಟರ್ ವೋಲ್ ಅಂತ ಒಂದು ಇದೆ. ಇಲಿಯೇ ಅನ್ನಿಸುವ ದುಂಡು ಮುಖದ ಪ್ರಾಣಿ, ಜಾತಿ ಬೇರೆ. ಅದು ದಂಡೆಯ ಹುಲ್ಲು ತಿಂದುಕೊಂಡು ಯಾರ ತಂಟೆಗೂ ಹೋಗುವುದಿಲ್ಲ. ತುಪ್ಪಳಕ್ಕೆ ಅಂತ ಅಮೆರಿಕದಿಂದ ತಂದು ಸಾಕಿದ, ಮುಂಗುಸಿಯಂಥ ಮಿಂಕ್‌ಗಳು ತಪ್ಪಿಸಿಕೊಂಡು ಇವನ್ನು ತಿಂದು, ದಂಡೆಗಳೂ ಹಾಳಾಗಿ, ಇದ್ದ ಜಾಗಗಳಲ್ಲಿ ಹೆಚ್ಚಿನ ಕಡೆ ಕಾಣೆಯಾದವು. ಈಗ ಅಲ್ಲಿ ಇದರ ಬಿಲ ಕೆಡಿಸಿದರೆ ಕಾನೂನಿನ ಪ್ರಕಾರ ಅಪರಾಧ. ಅಲ್ಲೇ ಪಕ್ಕದ ನೆದರ್‌ಲ್ಯಾಂಡ್ಸಿಗೆ ಹೋಗಿ. ಅಲ್ಲಿ ಮಸ್ಕ್‌ರ‍್ಯಾಟ್. ಇಲಿಯಂಥದ್ದೇ ನೀರಿನ ಪ್ರಾಣಿ, ಇದೂ ಅಮೆರಿಕದ್ದು, ಇದನ್ನೂ ತುಪ್ಪಳದ ಆಸೆಗೆ ಯುರೋಪಿಗೆ ತಂದರು. 1905ರಲ್ಲಿ ಪ್ರಾಗ್ ಹತ್ತಿರ ಒಬ್ಬ ಜಮೀನ್ದಾರ ಬಿಟ್ಟ ಕೆಲವೇ ಮಸ್ಕ್‌ರ‍್ಯಾಟ್‌ಗಳಿಂದ ಹಬ್ಬಿದ್ದು ಅದು. ಬಹಳಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿರುವ ದೇಶ, ಮಣ್ಣಿನ ಒಡ್ಡುಗಳ ಮೇಲೆ ಜೀವ ಹಿಡಿದಿದೆ. ಒಡ್ಡಿಗೆ ತೂತು ಕೊರೆಯುವ ಪ್ರಾಣಿಯನ್ನು ಅವರು ಮುದ್ದು ಮಾಡಿಯಾರೇ? ಹಿಡಿಯಲಿಕ್ಕೆ ಸಂಬಳದ ನೌಕರರನ್ನೇ ಇಟ್ಟಿದ್ದಾರೆ. ಇಂಗ್ಲೆಂಡಿನವರೂ ದಂಡೆ ಕೊರೆಯುತ್ತಿದ್ದ ದಕ್ಷಿಣ ಅಮೆರಿಕದ ಕಾಯ್ಪು ಅನ್ನುವ ದೊಡ್ಡ ಇಲಿಯಂಥ ಪ್ರಾಣಿಯನ್ನು 1981ರಿಂದ ಬೆನ್ನು ಹತ್ತಿ 1989ರ ಹೊತ್ತಿಗೆ ಪೂರ್ತಿ ತೆಗೆದುಹಾಕಿದರು.

ಹಾಗಾಗಿ ಪ್ರೀತಿ, ದ್ವೇಷ ಎಲ್ಲ ಕಡೆಯೂ ಲಾಭ ನಷ್ಟದ ಮೇಲೆಯೇ ನಿಂತಿದೆ. ಅದರಲ್ಲಿ ನಾಚಿಕೆಪಡುವುದೇನಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ.

ಏರಿ ಬೇರೆ, ಅಂಗಳ ಬೇರೆ

ಹಳೆಯ ಕೆರೆ ಹೇಗಿರುತ್ತದೆ ಅಂತ ನೆನಪಿಸಿಕೊಳ್ಳಿ. ನೀರು ಇಳಿದು ಬರುವ ತಗ್ಗಿನ ಕಡೆ ಅಡ್ಡಲಾಗಿ ಒಂದು ಏರಿ. ಏರಿಯ ಒಳ ಮುಖಕ್ಕೆ ಕಲ್ಲು. ಒಂದು ತೂಬು, ಒಂದು ಕೋಡಿ. ಉಳಿದ ಕಡೆ ಏನೂ ಇಲ್ಲ, ನೆಲ ಮೆಲ್ಲಗೆ ಇಳಿಯುತ್ತಾ ನೀರಾಗುತ್ತದೆ. ಅದು ಕೆರೆಯ ಅಂಗಳ. ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಹತ್ತುತ್ತದೆ, ಬೇಸಿಗೆಗೆ ಇಳಿಯುತ್ತದೆ. ಇಳಿದಂತೆಲ್ಲ ದನ ಮೇಯುತ್ತವೆ, ಕೊಕ್ಕರೆಗಳು ಕೆಸರಿನಲ್ಲಿ ಕಾಲೂರುತ್ತವೆ. ಜೊಂಡು ಬೆಳೆಯುವುದು, ಕಪ್ಪೆ ಮೊಟ್ಟೆ ಇಡುವುದು, ಹೆಗ್ಗಣ ಕೊರೆಯುವುದು ಎಲ್ಲ ಅಲ್ಲೇ.

ಏರಿಯಲ್ಲಿ ಹೆಗ್ಗಣ ಕೊರೆದರೆ ಅನಾಹುತ, ಇದರಲ್ಲಿ ಎರಡು ಮಾತಿಲ್ಲ. ಮೊದಲು ಹೊರ ಮಗ್ಗುಲಲ್ಲಿ ಒಂದು ಒದ್ದೆ ಕಲೆ. ಆಮೇಲೆ ಸಣ್ಣ ಜಿನುಗು. ಜಿನುಗುವ ನೀರು ತಿಳಿಯಾಗಿದ್ದರೆ ಸ್ವಲ್ಪ ಸಮಯ ಇದೆ, ಕೆಂಪಗಿದ್ದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ, ದಾರಿ ಅಗಲವಾಗುತ್ತಿದೆ ಅಂತ ಅರ್ಥ. ನೆದರ್‌ಲ್ಯಾಂಡ್ಸಿನವರ ಭಯವೂ ಇದೇ, ನಮ್ಮ ನೀರುಗಂಟಿಗಳ ಭಯವೂ ಇದೇ. ಅದಕ್ಕೇ ಹಿಂದಿನವರು ಏರಿಗೆ ಕಲ್ಲು ಹೊದಿಸಿದರು, ಏರಿ ಮೇಲಿನ ಪೊದೆ ಸವರಿದರು, ಬಿಲ ಕಂಡರೆ ಅಗೆದು ಜಡಿದು ಮುಚ್ಚಿದರು. ಆದರೆ ಅಂಗಳಕ್ಕೆ ಕೈ ಹಾಕಲಿಲ್ಲ. ಏರಿ ಗಟ್ಟಿ, ಅಂಗಳ ಮೆತ್ತಗೆ. ಗಟ್ಟಿ ಜಾಗ ನಮ್ಮದು, ಮೆತ್ತನೆ ಜಾಗ ಉಳಿದವರದು.

ಈಗ ಅಭಿವೃದ್ಧಿ ಅಂತ ಬಂದರೆ ಮೊದಲ ಕೆಲಸ ಏನು? ಕೆರೆಯ ಸುತ್ತ ವಾಕಿಂಗ್ ಟ್ರ್ಯಾಕ್. ಟ್ರ್ಯಾಕ್ ಹಾಕಲು ಸುತ್ತಲೂ ಮಣ್ಣಿನ ಒಡ್ಡು, ಒಡ್ಡಿಗೆ ಕಲ್ಲು, ಕಲ್ಲಿಗೆ ಸಿಮೆಂಟು, ಮೇಲೆ ಕಬ್ಬಿಣದ ಬೇಲಿ. ಅಂದರೆ ನಾಲ್ಕೂ ಕಡೆ ಏರಿ. ಕೆರೆಯನ್ನು ಬಟ್ಟಲು ಮಾಡಿಬಿಟ್ಟೆವು. ಅಂಗಳ ಹೋಯಿತು. ಹೊಲಗಳಿಂದ ಹಳ್ಳ ಹಿಡಿದು ಬರುತ್ತಿದ್ದ ನೀರಿಗೂ ಈಗ ಒಂದು ಪೈಪಿನ ಬಾಯಿಯಷ್ಟೇ ದಾರಿ. ನಾಲ್ಕೂ ಕಡೆ ಕಲ್ಲು ಬೇಕಾಗಿರುವುದು ಬಾವಿಗೆ, ಹೊಂಡಕ್ಕೆ. ಲಕ್ಕುಂಡಿಯ ಮುಸುಕಿನ ಬಾವಿ ಕಟ್ಟಿದವರಿಗೆ ಕಲ್ಲು ಜೋಡಿಸುವುದು ಗೊತ್ತಿರಲಿಲ್ಲವೇ? ಅಂಥ ಕೆಲಸಗಾರರಿದ್ದ ಸೀಮೆಯಲ್ಲೇ ಕೆರೆಗಳ ಅಂಗಳ ಮಾತ್ರ ಬರಿ ಮಣ್ಣಾಗಿ ಉಳಿದವು. ಕಲ್ಲಿಗೆ ಬರಗಾಲ ಬಂದು ಉಳಿದದ್ದಲ್ಲ ಅಂತ ನನ್ನ ನಂಬಿಕೆ.

ಅಂಚು ಹೋದರೆ ಹೆಗ್ಗಣ ಏನಾಗುತ್ತದೆ? ಇಂಗ್ಲೆಂಡಿನ ವೋಲ್ ಆದರೆ ಕಣ್ಮರೆಯಾಗುತ್ತದೆ, ಅದಕ್ಕೆ ಹುಲ್ಲಿನ ಮೆತ್ತನೆ ದಂಡೆಯೇ ಬೇಕು. ನಮ್ಮದು ಅಷ್ಟು ನಾಜೂಕಿನದ್ದಲ್ಲ. ಕಲ್ಲಿನ ಸಂದಿಯಲ್ಲಿ ತೂರಿಕೊಳ್ಳುತ್ತದೆ, ಟ್ರ್ಯಾಕಿನ ಪಕ್ಕದ ಚುರುಮುರಿ ಗಾಡಿಯವರ ಕಸದ ಡಬ್ಬಿಗೆ ಹೋಗುತ್ತದೆ, ಅಲ್ಲಿಂದ ಗಟಾರ, ಗಟಾರದಿಂದ ಬಡಾವಣೆ. ಜೊಂಡಿನಲ್ಲಿ ಏಡಿ ಹಿಡಿಯುತ್ತಿದ್ದದ್ದು ನಮ್ಮ ಅಡುಗೆಮನೆಯ ಜಾಲರಿ ಕಡಿಯುತ್ತದೆ. ಆಮೇಲೆ "ಕೆರೆ ಸುಧಾರಣೆ ಆದ ಮೇಲೆ ಹೆಗ್ಗಣ ಜಾಸ್ತಿ ಆಗ್ಯಾವ್ರಿ" ಅಂತ ನಾವೇ ಗೊಣಗುತ್ತೇವೆ. ಜೊಂಡಿನ ಜತೆ ಹೋದದ್ದು ಅವನ್ನು ತಿನ್ನುವವರು. ಕೇರೆ ಹಾವು ಟ್ರ್ಯಾಕಿನ ಮೇಲೆ ಕಂಡರೆ ಬಡಿಯುತ್ತೇವೆ. ಮುಂಗುಸಿ, ಕಾಡುಬೆಕ್ಕು ಬೇಲಿಯ ಆಚೆ. ರಾತ್ರಿಯಿಡೀ ಹೈಮಾಸ್ಟ್ ದೀಪ ಉರಿಯುವ ಕಡೆ ಗೂಗಿ ಕೂತು ಬೇಟೆ ಆಡುತ್ತದೆಯೇ?

ಇಲಿ ಜ್ವರ, ಇಲಿ ಪಾಷಾಣ

ಹೆಗ್ಗಣದ ವಕಾಲತ್ತು ಇಷ್ಟು ಹಾಕಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳಬೇಕು. ಇಲಿ ಜ್ವರ ತಮಾಷೆಯಲ್ಲ. ಇಲಿಯ ಮೂತ್ರದಲ್ಲಿ ಬರುವ ಸುರುಳಿಯಾಕಾರದ ಬ್ಯಾಕ್ಟೀರಿಯಾ ನಿಂತ ನೀರಿನಲ್ಲಿ, ಹಸಿ ಕೆಸರಿನಲ್ಲಿ ಬದುಕಿರುತ್ತದೆ. ಕಾಲಿನ ಬಿರುಕು, ಗಾಯಗಳ ಮೂಲಕ ಒಳಗೆ ಬರುತ್ತದೆ. ಜಪಾನಿನ ಇನಾಡ ಮತ್ತು ಇಡೊ 1915ರ ಸುಮಾರಿಗೆ ಅದನ್ನು ಕಂಡುಹಿಡಿದದ್ದು ಕಲ್ಲಿದ್ದಲು ಗಣಿಯ ಕಾರ್ಮಿಕರಲ್ಲಿ, ಅವರೂ ನೀರಿನಲ್ಲೇ ನಿಂತು ದುಡಿಯುವವರು. ನಾಟಿ ಹಚ್ಚುವವರು, ಗಟಾರ ಬಳಿಯುವವರು ಜ್ವರ, ಮೀನಖಂಡದ ವಿಪರೀತ ನೋವು, ಕೆಂಪು ಕಣ್ಣು ಅಂದರೆ "ಮಳಿಗಾಲದ ಜ್ವರ" ಅಂತ ಮಲಗಿಬಿಡಬಾರದು. ಬೇಗ ತೋರಿಸಿದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳೇ ಸಾಕು. ತಡವಾದರೆ ಲಿವರ್, ಕಿಡ್ನಿಗೆ ಬರುತ್ತದೆ. ಹುಬ್ಬಳ್ಳಿಯವರಿಗೆ ಇಲಿ ಅಂದರೆ ಇನ್ನೂ ಹಳೆಯ ಹೆದರಿಕೆಯೂ ಉಂಟು. 1898ರ ಸುಮಾರಿಗೆ ಇಲ್ಲಿ ಪ್ಲೇಗ್ ಬಂದಾಗ ಹಾಫ್‌ಕಿನ್ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಿದ್ದರು. ಮನೆಯೊಳಗೆ ಇಲಿ ಸತ್ತು ಬಿತ್ತು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಥೆ ನಮ್ಮ ಮುತ್ತಜ್ಜಿಯ ಕಾಲದ್ದು. ಅದು ಮುಖ್ಯವಾಗಿ ಮನೆ ಇಲಿಯ ಮೈಮೇಲಿನ ಚಿಗಟದ ಕೆಲಸ, ಕೆರೆಯ ಹೆಗ್ಗಣದ್ದಲ್ಲ. ಆದರೆ ಹೆದರಿಕೆ ಜಾತಿ ನೋಡುವುದಿಲ್ಲ.

ಹಾಗಂತ ಕೆರೆ ದಂಡೆಗೆ ವಿಷ ಸುರಿಯುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ತಾಗಿ ವಿಷದ ಗಾಳಿಯಾಗುತ್ತದೆ. ತಿಂದದ್ದು ಸಾಯುತ್ತದೆ, ಸ್ವಲ್ಪ ತಿಂದು ಬದುಕಿದ್ದು ಬಹಳ ದಿನ ಮತ್ತೆ ಅದನ್ನು ಮುಟ್ಟುವುದಿಲ್ಲ. ಬ್ರೊಮಾಡಿಯೊಲೋನ್ ಬಿಲ್ಲೆಗಳ ವಿಷಯ ಇನ್ನೂ ನಿಧಾನ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತದೆ. ಆ ಕೆಲವು ದಿನ ತೂಕಡಿಸುತ್ತಾ ಹಗಲಿನಲ್ಲೂ ಹೊರಗೆ ಓಡಾಡುವ ಹೆಗ್ಗಣ ಯಾರಿಗೆ ಸುಲಭದ ಊಟ? ಗೂಗಿಗೆ, ಹಾವಿಗೆ, ಹದ್ದಿಗೆ. ವಿಷ ಅವುಗಳ ಲಿವರ್‌ನಲ್ಲಿ ಸೇರಿಕೊಳ್ಳುತ್ತದೆ. ಗದ್ದೆಯಲ್ಲಿ ಬೆಳೆ ನಿಂತಿದೆ, ಕಾಟ ಮಿತಿ ಮೀರಿದೆ ಅಂದರೆ ರೈತ ಬಿಲ ನೋಡಿ, ಬಿಲದೊಳಗೆ ಇಡುತ್ತಾನೆ, ಅದು ಅವನ ಬದುಕಿನ ಪ್ರಶ್ನೆ, ನಾನು ಬಾಯಿ ಮುಚ್ಚುತ್ತೇನೆ. ಬೆಳೆಯೇ ಇಲ್ಲದ ಕೆರೆ ದಂಡೆಯಲ್ಲಿ, ವಾಕಿಂಗ್ ಬಂದವರಿಗೆ ಅಸಹ್ಯ ಆಗುತ್ತದೆ ಅಂತ, ಪೊದೆ ಪೊದೆಗೆ ಬಿಲ್ಲೆ ಎಸೆಯುವುದು ಯಾವ ನ್ಯಾಯ?

ನಮ್ಮೂರ ಕೆರೆಯ ಹೂಳೆತ್ತುವ ಕೆಲಸ ಈಚೆಗೆ ಮುಗಿಯಿತು. ಊರ ಸಭೆಯಲ್ಲಿ ಸುತ್ತಲೂ ಕಲ್ಲು ಹೊದಿಸಬೇಕು ಅಂತ ಬಹಳ ಜನ ಪಟ್ಟು ಹಿಡಿದಿದ್ದರು. ನಾನು ಹೋದಾಗ ಏರಿ ಬಿಗಿ ಮಾಡ್ರಿ, ಬಡಗಣ ಅಂಗಳ ಹಾಗೇ ಬಿಡ್ರಿ ಅಂತ ಹೇಳಿ ನೋಡಿದೆ. ದನಕ್ಕೆ ನೀರಿಗಿಳಿಯಲು ದಾರಿ ಬೇಕು ಅಂದದ್ದಕ್ಕೆ ಕೆಲವರು ತಲೆ ಆಡಿಸಿದರು. ಹಕ್ಕಿ ಬರುತ್ತವೆ ಅಂದದ್ದಕ್ಕೆ ಒಬ್ಬಿಬ್ಬರು. ಹೆಗ್ಗಣದ ಹೆಸರು ಎತ್ತಿದ್ದಕ್ಕೆ ಎಲ್ಲರೂ ನಕ್ಕರು, ಒಬ್ಬರು ಪಂಚಾಯಿತಿ ಕಡೆ ಕೈ ತೋರಿಸಿ "ಅವು ಅಲ್ಲೇ ಅದಾವ ಬಿಡ್ರಿ" ಅಂದರು. ಕೊನೆಗೆ ಬಡಗಣ ಅಂಗಳ ಉಳಿಯಿತು. ನನ್ನ ಮಾತಿಗಲ್ಲ, ಮೂರು ಕಡೆ ಕಲ್ಲು ಹೊದಿಸುವಷ್ಟರಲ್ಲಿ ದುಡ್ಡು ಮುಗಿದಿತ್ತು. ಮುಂದಿನ ಅನುದಾನ ಬರುವವರೆಗೆ ಜೊಂಡಿಗೆ ಜೀವದಾನ. ಈ ಮಳೆಗಾಲದಲ್ಲಿ ಅಲ್ಲಿ ಆಗಲೇ ಹಸಿ ಮಣ್ಣಿನ ಗುಡ್ಡೆಗಳು ಎದ್ದಿವೆಯಂತೆ. ಕಾಕಾ ಫೋನ್ ಮಾಡಿ ಹೇಳಿದರು: "ನಿಮ್ಮ ಮಂದಿ ಬಂದಾರಪಾ ಅಂಗಳಕ್ಕ. ಅಲ್ಲೇ ಇದ್ರ ನಂದೇನೂ ತಕರಾರಿಲ್ಲ. ನನ್ನ ಗದ್ದಿಗೆ ಕಾಲಿಟ್ಟುವಂದ್ರ ರಾತ್ರಿ ಕಾಯಾಕ ನೀನಽ ಬರಬೇಕು ನೋಡು."